ಸುಮ್ನೆ ಒಂದು ಅಂದಾಜು ಹೇಳಿ

ಶಿವರಾತ್ರಿ ಕಳೆಯಿತು ಅಂದರೆ ನಮ್ಮ ಕಡೆ ಎಲ್ಲರಿಗೂ ಮನೆಯ ಮಾಡು, ಅಂದರೆ ಚಾವಣಿ, ನೆನಪಾಗುತ್ತದೆ. ಅಲ್ಲಿಯವರೆಗೆ ಯಾರೂ ತಲೆ ಎತ್ತಿ ಮೇಲೆ ನೋಡಿರುವುದಿಲ್ಲ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮುಗಿದಿರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡು ಇರುತ್ತದೆ, ಇಲ್ಲವೇ ಬರುತ್ತದೆ ಅನ್ನುವ ಧೈರ್ಯ ಇರುತ್ತದೆ. ಮಳೆಗೆ ಇನ್ನೂ ಮೂರು ತಿಂಗಳಿದೆ. ಆಗ ಫೋನ್ ಶುರುವಾಗುತ್ತದೆ. "ಟೆರೇಸ್ ಮೇಲೆ ಶೀಟ್ ಹಾಕಿಸಬೇಕಿತ್ತು. ಸುಮ್ನೆ ಒಂದು ಅಂದಾಜು ಹೇಳಿ, ಸಾಕು."

ನಾನು ಶಿವಮೊಗ್ಗದಲ್ಲಿ ಸಣ್ಣದೊಂದು ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದೇನೆ. ಗೇಟು, ಗ್ರಿಲ್ಲು ಎಲ್ಲಾ ಮಾಡುತ್ತೇವೆ, ಆದರೆ ಹೊಟ್ಟೆ ತುಂಬಿಸುವುದು ಮಾಡಿನ ಕೆಲಸ. ತೀರ್ಥಹಳ್ಳಿ, ಹೊಸನಗರ, ಸಾಗರ, ರಿಪ್ಪನ್‌ಪೇಟೆ, ಎಲ್ಲಿಂದ ಕರೆದರೂ ಹೋಗುತ್ತೇವೆ. ಈ ಅಂದಾಜು ಕೇಳಿ ಮಾಯವಾಗುವವರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಬೈಯಬೇಕು ಅಂತ ಕೂತಿಲ್ಲ. ಆದರೂ ನಡುವೆ ಸ್ವಲ್ಪ ಬೈಗುಳ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಈ "ಸುಮ್ನೆ ಒಂದು ಅಂದಾಜು" ಯಾಕೆ ಸುಮ್ಮನೆ ಆಗುವುದಿಲ್ಲ ಅಂತ ಹೇಳುತ್ತೇನೆ. ಫೋನ್ ಮಾಡಿದವರು ಒಂದೇ ಲೆಕ್ಕ ಕೊಡುತ್ತಾರೆ. "ಮನೆ 30-40 ಇದೆ. ಚದರ ಅಡಿಗೆ ಎಷ್ಟು?" ಅಂದರೆ ಅವರ ತಲೆಯಲ್ಲಿ 1,200 ಚದರ ಅಡಿ ಕೂತಿದೆ. ನಾನು ಒಂದು ದರ ಹೇಳಿದರೆ ಅವರು ಅದನ್ನು 1,200ರಿಂದ ಗುಣಿಸಿ ಫೋನ್ ಇಡುತ್ತಾರೆ. ಆದರೆ ಮಾಡು ಗೋಡೆಯ ಅಂಚಿಗೆ ನಿಲ್ಲುವುದಿಲ್ಲವಲ್ಲ. ನಮ್ಮ ಕಡೆಯ ಮಳೆಗೆ ಎರಚಲು ಹೊಡೆಯದಂತೆ ಸುತ್ತಲೂ ಮೂರು ಅಡಿಯಾದರೂ ಹೊರಗೆ ಚಾಚಬೇಕು. 36-46 ಆಯಿತು, ಅಂದರೆ 1,656. ಅದು ನೆಲದ ಅಳತೆ. ಶೀಟು ಇಳಿಜಾರಾಗಿ ಕೂರುತ್ತದೆ. 20 ಡಿಗ್ರಿ ಇಳಿಜಾರು ಕೊಟ್ಟರೂ 1,760 ದಾಟುತ್ತದೆ. ಅವರ 1,200 ಎಲ್ಲಿ, ನನ್ನ 1,760 ಎಲ್ಲಿ! ಕೊನೆಗೆ ಬಿಲ್ ನೋಡಿದಾಗ "ಫೋನಲ್ಲಿ ಒಂದು ಹೇಳಿದ್ರಿ, ಈಗ ಇನ್ನೊಂದು ಹೇಳ್ತೀರಲ್ಲ" ಅಂತ ಜಗಳ. ಹಾಗಾಗಿ ಹೋಗಿ ನೋಡಿಯೇ ಹೇಳಬೇಕು.

ಊರಿನಿಂದ ಊರಿಗೆ ಕೆಲಸವೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದು 1,000ದ ಆಸುಪಾಸು. ನಡುವೆ ಇರುವುದು 90 ಕಿಲೋಮೀಟರಿನಷ್ಟು ರಸ್ತೆ, ಅಷ್ಟೇ. ಶಿವಮೊಗ್ಗದ ವಿನೋಬನಗರದ ಟೆರೇಸಿಗೆ ಹೊಂದುವ ಮಾಡು ಆಗುಂಬೆ ಹತ್ತಿರದ ಮೇಗರವಳ್ಳಿ ಕಡೆಯ ಮನೆಗೆ ಹೊಂದುವುದಿಲ್ಲ. ಇಳಿಜಾರು ಜಾಸ್ತಿ ಬೇಕು, ಗಟರ್ ದೊಡ್ಡದು ಬೇಕು, ಗಾಳಿಗೆ ಕಂಬದ ಬುಡ ಗಟ್ಟಿ ಇರಬೇಕು. ಹಳೇ ಹೆಂಚಿನ ಮನೆಯಾದರೆ ಕಥೆ ಇನ್ನೂ ಉದ್ದ. ಹೆಂಚು ಹೊರುವ ಮರದ ಪಕಾಸಿ, ರೀಪು ಎಷ್ಟು ಗೆದ್ದಲು ತಿಂದಿದೆ, ಗೋಡೆ ಮಣ್ಣಿನದೋ ಜಂಬಿಟ್ಟಿಗೆಯದೋ, ಪೈಪಿನ ಭಾರವನ್ನು ಅದು ಹೊರುತ್ತದೋ ಇಲ್ಲವೋ, ಇದನ್ನೆಲ್ಲ ಏಣಿ ಹಾಕಿ ಹತ್ತಿ, ಒಂದೆರಡು ಹೆಂಚು ತೆಗೆದು, ಟಾರ್ಚ್ ಬಿಟ್ಟು ನೋಡದೆ ಹೇಳುವವನು ಸುಳ್ಳು ಹೇಳುತ್ತಿದ್ದಾನೆ ಅಂತಲೇ ಅರ್ಥ.

ಹೀಗೆ ಹೋಗುವುದು ಅಂದರೆ ಪಿಕಪ್ ತೆಗೆಯಬೇಕು. ಟೇಪ್ ಹಿಡಿಯಲು ಒಬ್ಬ ಹುಡುಗ ಜೊತೆಗೆ ಬೇಕು. ಅಷ್ಟು ಹೊತ್ತು ಶೆಡ್ಡಿನಲ್ಲಿ ಅವನ ಕೆಲಸ ನಿಲ್ಲುತ್ತದೆ. ತೀರ್ಥಹಳ್ಳಿಗೆ ಹೋಗಿಬರುವುದೇ 120 ಕಿಲೋಮೀಟರ್, ಅಲ್ಲಿಂದ ಒಳಗೆ ಮಣ್ಣು ರಸ್ತೆ ಬೇರೆ. ರಾತ್ರಿ ಮನೆಗೆ ಬಂದು ಊಟ ಆದ ಮೇಲೆ ನಕ್ಷೆ ಬರೆಯಬೇಕು. ಮಾಡು ಹೊರುವ ಟ್ರಸ್ ಎಷ್ಟು, ಶೀಟಿನ ಕೆಳಗೆ ಎಷ್ಟು ಅಡಿಗೊಂದು ಅಡ್ಡ ಪೈಪ್ (ಪರ್ಲಿನ್), ಪೈಪ್ ಎಷ್ಟು ಲೆಂತ್, ಕತ್ತರಿಸಿದಾಗ ಎಷ್ಟು ವೇಸ್ಟ್, ಸ್ಕ್ರೂ, ರಿಡ್ಜ್, ರೆಡ್ ಆಕ್ಸೈಡ್, ಸಾಗಾಟ, ಕೂಲಿ. ಎಲ್ಲ ಕೂಡಿಸಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಎರಡು ನೀಲಿ ಗೆರೆ ಬರುತ್ತದೆ. ಆಮೇಲೆ ಏನೂ ಇಲ್ಲ.

ಬೇಡ ಅಂತಲೂ ಹೇಳುವುದಿಲ್ಲ, ಅದೇ ತಲೆಬಿಸಿ. ಒಂದು ವಾರ ಬಿಟ್ಟು ನಾನೇ ಫೋನ್ ಮಾಡಿದರೆ "ಮಗ ಊರಿಗೆ ಬರ್ತಾನೆ, ಮಾತಾಡಿ ಹೇಳ್ತೀನಿ ಮಾರಾಯ್ರೆ". ಆಮೇಲೆ "ಅಡಿಕೆ ಸ್ವಲ್ಪ ಏರ್ಲಿ". ಆಮೇಲೆ "ಈ ಸಲ ಮಳೆ ಬೇಗ ಬಂತಲ್ಲ, ದೀಪಾವಳಿ ಕಳೀಲಿ". ಅಷ್ಟರಲ್ಲಿ ನಾನು ಆ ಕೆಲಸಕ್ಕೆ ಅಂತ ಏಪ್ರಿಲ್‌ನಲ್ಲಿ ಹಿಡಿದಿಟ್ಟ ದಿನಗಳು ಖಾಲಿ ಹೋಗಿರುತ್ತವೆ. ಮಾಡಿನ ಕೆಲಸಕ್ಕೆ ನಮಗೆ ಇರುವುದೇ ಮಾರ್ಚ್, ಏಪ್ರಿಲ್, ಮೇ. ಜೂನ್‌ನಲ್ಲಿ ಹೆಂಚು ತೆಗೆದ ಮನೆಯ ಕೆಳಗೆ ನಿಂತು ನೋಡಿ, ಆಗ ಗೊತ್ತಾಗುತ್ತದೆ.

ಇದಕ್ಕೆಲ್ಲ ಜನ ಕೆಟ್ಟವರು ಅಂತ ಹೇಳಿಬಿಡುವುದು ಸುಲಭ. ನಮ್ಮ ಲೈನಿನವರು ಟೀ ಅಂಗಡಿಯಲ್ಲಿ ಸೇರಿದರೆ ಅದನ್ನೇ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಯಾಕೆಂದರೆ ದಿನಾ ಬೆಳಿಗ್ಗೆ ನಾನೂ ರೇಟ್ ಕೇಳುತ್ತೇನೆ. ಸ್ಟೀಲ್ ಅಂಗಡಿಗಳಿಗೆ ಫೋನ್ ಮಾಡಿ "ಇವತ್ತು ಪೈಪ್ ಕೆಜಿಗೆ ಎಷ್ಟಣ್ಣ?" ಅಂತ ವಿಚಾರಿಸಿ, ಏನೂ ತೆಗೆದುಕೊಳ್ಳದೆ ಇಟ್ಟುಬಿಡುತ್ತೇನೆ. ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರ ಮುಂದೆ ದರದ ಪಟ್ಟಿ ಇರುತ್ತದೆ, ಓದಿ ಹೇಳುತ್ತಾರೆ, ಅರ್ಧ ನಿಮಿಷದ ಕೆಲಸ.

ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅಡಿಕೆ ಬೆಳೆಗಾರರು. ದರ ಕೇಳುವುದರಲ್ಲಿ ಅವರನ್ನು ಮೀರಿಸುವವರು ಯಾರಿದ್ದಾರೆ? ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದೇ ಮಾರುಕಟ್ಟೆ ಕಾಲಂ. ಸರಕು, ಬೆಟ್ಟೆ, ರಾಶಿ, ಗೊರಬಲು, ಹೀಗೆ ಅಡಿಕೆಯ ಒಂದೊಂದು ತರಕ್ಕೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. 1939ರಲ್ಲಿ ಶುರುವಾದ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘಕ್ಕೆ ಅಜ್ಜನ ಕಾಲದಿಂದ ಅಡಿಕೆ ಹಾಕುತ್ತಾ ಬಂದ ಮನೆಗಳಿವೆ. ವ್ಯಾಪಾರಿಗಳು ಮಾಲು ನೋಡಿ ದರ ಬರೆಯುತ್ತಾರೆ. ಒಪ್ಪಿಗೆಯಾದರೆ ಕೊಡಬಹುದು, ಇಲ್ಲದಿದ್ದರೆ ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಬಹುದು. ಇಟ್ಟುಕೊಂಡವನು ಗೆದ್ದ ಕಥೆ ಪ್ರತಿ ಊರಲ್ಲೂ ಒಂದಿದೆ. (ಸೋತವರ ಕಥೆ ಯಾರೂ ಹೇಳುವುದಿಲ್ಲ.) ಕೇಳು, ಕಾಯಿ, ಅವಸರ ಬೇಡ: ಇಷ್ಟು ವರ್ಷ ಆ ಬುದ್ಧಿಯೇ ಅವರ ಮನೆ ನಡೆಸಿದೆ. ಅದೇ ಬುದ್ಧಿಯನ್ನು ಮಾಡಿನ ವಿಷಯಕ್ಕೂ ಬಳಸಿದರೆ ತಪ್ಪೇನು ಅಂತ ಅವರಿಗೆ ಅನ್ನಿಸುವುದು ಸಹಜ.

ನನ್ನ ಪ್ರಕಾರ ಎಡವಟ್ಟು ಆಗುವುದು ಇಲ್ಲೇ. ಇವತ್ತಿನ ರಾಶಿ ಅಡಿಕೆಗೆ ಒಂದು ದರ ಇದೆ. ನೀವು ಕೇಳಿದರೂ ಇದೆ, ಕೇಳದಿದ್ದರೂ ಇದೆ. ಸ್ಟೀಲ್ ಪೈಪಿಗೂ ಹಾಗೇ. ಆದರೆ ಕಟ್ಟಿನಹೊಳೆಯಾಚೆಗಿನ ಒಂದು ಮನೆಯ ಮಾಡಿಗೆ ಇವತ್ತು ಎಲ್ಲೂ ಯಾವ ದರವೂ ಇಲ್ಲ. ಯಾರೋ ಒಬ್ಬ ಅಲ್ಲಿಗೆ ಹೋಗಿ, ಹತ್ತಿ, ಅಳೆದು, ಕೂತು ಲೆಕ್ಕ ಹಾಕಿದ ಮೇಲೆ ಅದು ಹುಟ್ಟುತ್ತದೆ. ಕೇಳುವವರು ಇರುವ ಒಂದು ಸಂಗತಿಯನ್ನು ವಿಚಾರಿಸುತ್ತಿದ್ದೇನೆ ಅಂದುಕೊಂಡಿರುತ್ತಾರೆ. ನಾವು ಅವರಿಗೋಸ್ಕರ ಒಂದು ಕೆಲಸವನ್ನೇ ಮಾಡಿಕೊಡುತ್ತಿರುತ್ತೇವೆ.

ಇದನ್ನು ಒಮ್ಮೆ ಕೋಣಂದೂರು ಕಡೆಯ ಗೌಡರೊಬ್ಬರಿಗೆ ಹೇಳಿದೆ. ವಯಸ್ಸಾದವರು, ಮಾತಿನಲ್ಲಿ ಚುರುಕು. ಅವರು ಕವಳ ಉಗುಳಿ ಬಂದು ಕೇಳಿದರು: "ಅಲ್ಲ ತಮ್ಮಾ, ನಮ್ ತೋಟಕ್ಕೆ ಚೇಣಿಯವ್ರು ಬರ್ತಾರಲ್ಲ. ಮರ ಮರ ನೋಡ್ತಾರೆ, ಕೊನೆ ಎಣಿಸ್ತಾರೆ, ಇಷ್ಟು ಕ್ವಿಂಟಾಲ್ ಆಗುತ್ತೆ ಅಂತ ಲೆಕ್ಕ ಹಾಕಿ ರೇಟ್ ಹೇಳ್ತಾರೆ. ನಾಲ್ಕು ಜನ ಬಂದ್ರೆ ಕೊಡೋದು ಒಬ್ರಿಗೆ. ಉಳಿದ ಮೂರು ಜನಕ್ಕೆ ನಾನು ದುಡ್ಡು ಕೊಡ್ತೀನಾ?" (ಚೇಣಿಯವರು ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿಯುವವರು.)

ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ನಿಜವಾಗಿ ಒಳ್ಳೆಯ ಪ್ರಶ್ನೆ ಅದು. ವಾಪಸ್ ಬರುವಾಗ ಮಂಡಗದ್ದೆ ದಾಟುವವರೆಗೂ ತಲೆಯಲ್ಲಿ ಅದೇ ಓಡುತ್ತಿತ್ತು. ಚೇಣಿಯವನು ತೋಟ ನೋಡಿ ಹೋದ ಮೇಲೆ ಅವನು ಹಾಕಿದ ಲೆಕ್ಕ ಅವನ ತಲೆಯಲ್ಲೇ ಹೋಗುತ್ತದೆ. ಗೌಡರಿಗೆ ಸಿಗುವುದು ಒಂದು ಸಂಖ್ಯೆ ಮಾತ್ರ. ನಾನು ಬಿಟ್ಟು ಬರುವುದು ಒಂದು ಕಾಗದ. ಅದರಲ್ಲಿ ಎಷ್ಟು ಕಂಬ, ಎಲ್ಲಿ ಟ್ರಸ್, ಯಾವ ಪೈಪ್, ನೀರು ಯಾವ ಕಡೆ ಇಳಿಯಬೇಕು ಎಲ್ಲ ಇರುತ್ತದೆ. ಅದನ್ನು ಇನ್ನೊಬ್ಬನ ಕೈಗೆ ಕೊಟ್ಟರೆ ಅವನು ಮನೆಯ ಮೇಲೆ ಹತ್ತುವುದೇ ಬೇಡ. ಕೂತಲ್ಲೇ ಐದು ಪರ್ಸೆಂಟ್ ಕಡಿಮೆ ಹೇಳಬಹುದು.

ಹೇಳುತ್ತಾರೆ ಕೂಡ. ಸಾಗರದಲ್ಲಿ ಇದೇ ಕೆಲಸ ಮಾಡುವ ನನ್ನ ಗೆಳೆಯನೊಬ್ಬ ಒಂದು ಸಲ ಫೋಟೋ ಕಳಿಸಿದ. "ಇದು ನಿನ್ನ ಕೈಬರಹ ಅಲ್ವಾ? ಈ ನಕ್ಷೆ ಕೊಟ್ಟು ಇದಕ್ಕಿಂತ ಕಡಿಮೆಗೆ ಮಾಡ್ತೀರಾ ಅಂತ ಕೇಳ್ತಿದಾರೆ." ಗುಂಡಗೆ ಬರೆಯುವ ನನ್ನ ಸೊನ್ನೆಗಳನ್ನು ನೋಡಿಯೇ ಅವನು ಗುರುತು ಹಿಡಿದಿದ್ದ. ಇಬ್ಬರೂ ನಕ್ಕೆವು. ಅವನು ಆ ಕೆಲಸ ಒಪ್ಪಿಕೊಳ್ಳಲಿಲ್ಲ, ಮೂರನೆಯವನು ಯಾರೋ ಮಾಡಿದ.

ಐದು ಪರ್ಸೆಂಟ್ ಎಲ್ಲಿಂದ ಕಡಿಮೆಯಾಗುತ್ತದೆ ಅನ್ನುವುದನ್ನು ಮಾಡಿಸುವವರು ತಿಳಿದುಕೊಳ್ಳಬೇಕು. ಎರಡು ಇಂಚಿನ ಚೌಕ ಪೈಪ್, ದಪ್ಪ 2 ಮಿಲಿಮೀಟರ್ ಇದ್ದರೆ, ಆರು ಮೀಟರಿನ ಒಂದು ಲೆಂತ್ 18 ಕೆಜಿ ತೂಗುತ್ತದೆ. ಅದೇ ಪೈಪ್ 1.6 ಮಿಲಿಮೀಟರ್ ಆದರೆ ಹದಿನಾಲ್ಕೂವರೆ ಕೆಜಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಬಣ್ಣ ಬಳಿದ ಮೇಲಂತೂ ದೇವರಿಗೂ ಗೊತ್ತಾಗುವುದಿಲ್ಲ. ಒಂದು ಲೆಂತಿಗೆ ಮೂರೂವರೆ ಕೆಜಿ ಉಳಿಯಿತು. ನಲವತ್ತು ಲೆಂತ್ ಹಾಕುವ ಕೆಲಸದಲ್ಲಿ 140 ಕೆಜಿ ಕಬ್ಬಿಣ. ಶೀಟಿನಲ್ಲೂ ಇದೇ ಆಟ. ಒಬ್ಬ 0.50 ಮಿಲಿಮೀಟರ್ ಅಂತ ಬರೆದಿರುತ್ತಾನೆ, ಅದು ಲೇಪ, ಬಣ್ಣ ಎಲ್ಲ ಸೇರಿದ ದಪ್ಪ. ಒಳಗಿನ ಕಬ್ಬಿಣ 0.45ರ ಹತ್ತಿರ ಇರುತ್ತದೆ. ಇನ್ನೊಬ್ಬ ಬರೀ ಕಬ್ಬಿಣದ ದಪ್ಪ ಹೇಳಿರುತ್ತಾನೆ. ಇಬ್ಬರ ಕೊಟೇಶನ್ ಅಕ್ಕಪಕ್ಕ ಇಟ್ಟುಕೊಂಡು ಕೊನೆಯ ಸಾಲಿನ ಮೊತ್ತ ಮಾತ್ರ ನೋಡಿದರೆ ಮೋಸ ಹೋಗುವುದು ಖಂಡಿತ. ನಾಲ್ಕು ಕಡೆ ರೇಟ್ ಕೇಳಿದವರೇ ಹೀಗೆ ಜಾಸ್ತಿ ಮೋಸ ಹೋಗುತ್ತಾರೆ. ಯಾಕೆಂದರೆ ಅವರ ಹತ್ತಿರ ಬರುವ ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ, ಇಲ್ಲಿ ಗೆಲ್ಲುವುದು ಕಡಿಮೆ ಮೊತ್ತ ಬರೆದವನು ಅಂತ.

ಹಾಗಂತ ನಾಲ್ಕು ಕಡೆ ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಲಕ್ಷಗಟ್ಟಲೆ ದುಡ್ಡಿನ ವಿಷಯ. ಎಲೆಚುಕ್ಕಿ ರೋಗ ಬಂದ ಮೇಲೆ ಎಷ್ಟೋ ತೋಟಗಳಲ್ಲಿ ಫಸಲು ಅರ್ಧಕ್ಕರ್ಧ ಹೋಗಿದೆ. ಮೊದಲಿನ ಹಾಗೆ ಕೇಳದೆ ಖರ್ಚು ಮಾಡುವ ಕಾಲ ಅಲ್ಲ. ಗೇಜು, ದಪ್ಪ ಏನೂ ಗೊತ್ತಿಲ್ಲದ ಮನುಷ್ಯನಿಗೆ ಇನ್ನೊಬ್ಬರನ್ನು ಕೇಳುವುದು ಬಿಟ್ಟರೆ ಬೇರೆ ದಾರಿ ಏನಿದೆ? ನನ್ನ ಮೇಲೆ ನಂಬಿಕೆ ಇಡಿ ಅನ್ನುವುದು ಒಂದು ಮಾತೇ ಅಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ.

ಆದರೆ ಕೇಳುವವರೆಲ್ಲ ಒಂದೇ ತರ ಇರುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ಮೊಬೈಲ್‌ನಲ್ಲಿ ಮೇಲಿನಿಂದ ಮನೆ ನೋಡಿ, ಅಳತೆ ಹಿಡಿದು, "ನನ್ ಲೆಕ್ಕದಲ್ಲಿ ಇಷ್ಟೇ ಬರುತ್ತೆ ಸಾರ್" ಅಂತ ವಾದ ಮಾಡುತ್ತಾನೆ. ತಮಾಷೆ ಅಂದರೆ ಅವನ ಲೆಕ್ಕ ಅಪ್ಪನ ಲೆಕ್ಕಕ್ಕಿಂತ ಸರಿಯಿರುತ್ತದೆ, ಯಾಕೆಂದರೆ ಮೇಲಿನಿಂದ ನೋಡಿದರೆ ಸೂರಿನ ಚಾಚು ಕಾಣಿಸುತ್ತದೆ. ಇಳಿಜಾರು ಮಾತ್ರ ಕಾಣಿಸುವುದಿಲ್ಲ. ಇನ್ನು ಕೆಲವರು ಭಾವನಿಗೋ ಷಡ್ಡಕನಿಗೋ ಕೆಲಸ ಕೊಟ್ಟು ಆಗಿರುತ್ತದೆ, ಅವನು ಜಾಸ್ತಿ ತೆಗೆದುಕೊಂಡನಾ ಅಂತ ಒಳಗೊಳಗೆ ಸಂಶಯ. ಅದನ್ನು ಪರೀಕ್ಷೆ ಮಾಡಲು ನನ್ನನ್ನು ಕರೆಸುತ್ತಾರೆ. ನಾನು ಟೇಪ್ ಹಿಡಿದು ಮೇಲೆ ಹತ್ತುತ್ತೇನೆ, ನೋಡಿದರೆ ಮೂಲೆಯಲ್ಲಿ ಹೊಸ ಪೈಪ್ ಬಂದು ಬಿದ್ದಿರುತ್ತದೆ! ಇವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು.

ಬರೀ ಕಾಗದಕ್ಕೋಸ್ಕರ ಕೇಳುವವರು ಬೇರೆ. ಸಾಲಕ್ಕೆ ಕೊಟೇಶನ್ ಬೇಕು, ಇಲ್ಲಾ ಯಾವುದೋ ಕಮಿಟಿಯಲ್ಲಿ ಇಡಲು ಮೂರು ಕೊಟೇಶನ್ ಬೇಕು. ಕೆಲಸ ಯಾರಿಗೆ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. "ನಿಮ್ ಲೆಟರ್‌ಹೆಡ್ಡಲ್ಲಿ ಸ್ವಲ್ಪ ಜಾಸ್ತಿ ಹಾಕಿ, ಸೀಲ್ ಒತ್ತಿ ಕೊಡಿ" ಅಂತ ನೇರವಾಗಿ ಕೇಳುತ್ತಾರೆ. ಕೆಲವು ಸಲ ಕೆಲಸ ನನಗೇ ಕೊಡುತ್ತಾರೆ, ಉಳಿದ ಎರಡು ಕೊಟೇಶನ್ನೂ ನಾನೇ ಗುರುತಿನವರ ಹತ್ತಿರ ಜಾಸ್ತಿ ಬರೆಸಿ ತರಬೇಕಂತೆ. ಮೂರು ಜನರ ದರ ನೋಡಿ ತೀರ್ಮಾನ ಮಾಡಲಿ ಅಂತ ಇರುವ ಪದ್ಧತಿ, ಮೂರು ಸೀಲು ಸಿಕ್ಕಿದರೆ ಸಾಕು ಅನ್ನುವ ಮಟ್ಟಕ್ಕೆ ಬಂದಿದೆ. ಸಾಲಕ್ಕೆ ಬೇಕಾದರೆ ನಿಜವಾದ ಲೆಕ್ಕ ಬರೆದು ಕೊಡುತ್ತೇನೆ. ಲೆಕ್ಕ ತುಂಬಿಸಲು ಕೇಳಿದರೆ ಇಲ್ಲ ಅನ್ನುತ್ತೇನೆ. ಇದರಿಂದ ಒಂದೆರಡು ಕಡೆ ಮುಖ ಕೆಟ್ಟಿದೆ, ಕೆಡಲಿ.

ಕನಸು ಕಾಣುವವರ ಮೇಲೆ ಮಾತ್ರ ನನಗೆ ಯಾವತ್ತೂ ಸಿಟ್ಟು ಬರುವುದಿಲ್ಲ. ಈ ವರ್ಷ ದುಡ್ಡಿಲ್ಲ, ಮುಂದಿನ ವರ್ಷವೂ ಕಷ್ಟ, ಆದರೆ ಮಳೆಗಾಲದಲ್ಲಿ ಅಟ್ಟದ ಮೇಲೆ ಪಾತ್ರೆ ಇಟ್ಟು ಇಟ್ಟು ಸಾಕಾಗಿದೆ. ಎಷ್ಟು ಬೇಕಾಗಬಹುದು ಅಂತ ತಿಳಿದುಕೊಳ್ಳುವ ಆಸೆ. ಅವರಿಗೆ ಫೋನಿನಲ್ಲೇ ನಿಧಾನವಾಗಿ ಹೇಳುತ್ತೇನೆ. ಈ ವರ್ಷಕ್ಕೆ ಹೆಂಚು ಕೈಯಾಡಿಸಿ, ಒಡೆದದ್ದು ಬದಲಿಸಿ, ಒಂದೆರಡು ಮಳೆಗಾಲ ಹೋಗುತ್ತದೆ ಅಂತಲೂ ಹೇಳುತ್ತೇನೆ. ಅದರಲ್ಲಿ ನನಗೆ ಲಾಭ ಇಲ್ಲ, ನಷ್ಟವೂ ಇಲ್ಲ.

ಹಳೇ ಕೊಟೇಶನ್ ಹಿಡಿದು ಬರುವವರ ಬಗ್ಗೆಯೂ ಹೇಳಬೇಕು. 2022 ನೆನಪಿದೆಯಲ್ಲ, ಯುಕ್ರೇನ್ ಯುದ್ಧ ಶುರುವಾದ ಮೇಲೆ ಕಬ್ಬಿಣದ ಬೆಲೆ ಯದ್ವಾತದ್ವಾ ಏರಿತು. ಬೆಳಿಗ್ಗೆ ಒಂದು, ಸಂಜೆ ಒಂದು ಅನ್ನುವ ಹಾಗಿತ್ತು. ಜನವರಿಯ ಕಾಗದ ತೋರಿಸಿ "ನೀವೇ ಬರೆದಿದ್ದು" ಅಂತ ಏಪ್ರಿಲ್‌ನಲ್ಲಿ ಬಂದವರಿಗೆ ಏನು ಹೇಳುವುದು? ಆಮೇಲೆ ಮೇ 22ರಿಂದ ಕೇಂದ್ರ ಸರ್ಕಾರ ಉಕ್ಕಿನ ರಫ್ತಿನ ಮೇಲೆ 15% ಸುಂಕ ಹಾಕಿತು, ಇಲ್ಲಿ ಬೆಲೆ ಇಳಿಯಿತು. ಏಪ್ರಿಲ್‌ನಲ್ಲಿ ನನ್ನ ಹತ್ತಿರ ಮಾಡಿಸಿದವರು ಜುಲೈನಲ್ಲಿ ಸಿಕ್ಕಿ, ನಾನು ಅವರ ಜೇಬು ಕತ್ತರಿಸಿದೆ ಅನ್ನುವ ಹಾಗೆ ನೋಡಿದರು. ನವೆಂಬರ್‌ನಲ್ಲಿ ಆ ಸುಂಕವನ್ನೂ ತೆಗೆದರು. ಅಲ್ಲಿಂದ ನನ್ನ ಕೊಟೇಶನ್ ಕೆಳಗೆ "ಈ ದರ 10 ದಿನ ಮಾತ್ರ" ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಇದು ಕಾನೂನಿನಲ್ಲೂ ಇರುವ ಮಾತೇ. 1872ರ ಭಾರತೀಯ ಕರಾರು ಕಾಯ್ದೆಯ 6ನೇ ಕಲಮಿನ ಪ್ರಕಾರ, ಹೇಳಿದ ಅವಧಿಯೊಳಗೆ ಒಪ್ಪದಿದ್ದರೆ ಆ ಪ್ರಸ್ತಾಪ ಬಿದ್ದುಹೋಗುತ್ತದೆ. ಅವಧಿ ಹೇಳದಿದ್ದರೆ ಸಮಂಜಸವಾದ ಸಮಯ ಕಳೆದ ಮೇಲೆ. ಆ ಸಮಂಜಸ ಅಂದರೆ ಎಷ್ಟು ಅಂತ ಜಗಲಿಯ ಮೇಲೆ ಕೂತು ವಾದ ಮಾಡುವ ಬದಲು ಮೊದಲೇ ಬರೆದುಬಿಡುವುದು ವಾಸಿ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಸಾಗರದ ಆ ಗೆಳೆಯ ಅಳತೆಗೆ ದುಡ್ಡು ತೆಗೆದುಕೊಳ್ಳುವುದೇ ತಪ್ಪು ಅನ್ನುತ್ತಾನೆ. "ಗಾಳ ಹಾಕಿದ ಮೇಲೆ ಎಲ್ಲಾ ಮೀನೂ ಕಚ್ಚಬೇಕು ಅಂದ್ರೆ ಆಗುತ್ತಾ?" ಅಂತ ಅವನ ವಾದ. ಸರಿ, ಆದರೆ ಗಾಳಕ್ಕೆ ಸಿಕ್ಕಿಸಿದ ಹುಳದ ಖರ್ಚು ಯಾರು ಕೊಡುತ್ತಾರೆ? ಹತ್ತು ಮನೆಗೆ ಹೋಗಿ ಎರಡು ಕೆಲಸ ಸಿಕ್ಕಿತು ಅಂದುಕೊಳ್ಳಿ. ಒಂದು ಸಲ ಹೋಗಿ, ಅಳೆದು, ನಕ್ಷೆ ಮಾಡಿ ಕೊಡಲು ಎರಡು ಸಾವಿರ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಇಪ್ಪತ್ತು ಸಾವಿರ ಆಯಿತು. ಅದನ್ನು ನಾನು ಮನೆಯಿಂದ ತಂದು ಹಾಕುವುದಿಲ್ಲ. ಯಾರೂ ಹಾಕುವುದಿಲ್ಲ. ಒಪ್ಪಿಕೊಂಡ ಆ ಎರಡು ಮನೆಯವರ ಚದರ ಅಡಿ ದರದಲ್ಲಿ ಅದು ಸೇರಿರುತ್ತದೆ. ಒಬ್ಬೊಬ್ಬರ ಮೇಲೆ ಹತ್ತು ಸಾವಿರ. ಅಂದರೆ ಮರ್ಯಾದೆಯಿಂದ ಹೌದು ಅಂದವರು, ಸುಮ್ಮನೆ ಕರೆಸಿ ಕಳಿಸಿದ ಎಂಟು ಮನೆಯವರ ಖರ್ಚನ್ನೂ ಕಟ್ಟುತ್ತಿದ್ದಾರೆ. ಫ್ರೀ ಎಸ್ಟಿಮೇಟ್ ಅಂತ ಬೋರ್ಡು ಹಾಕಿದವರೂ ಇದನ್ನೇ ಮಾಡುವುದು. ನನಗೆ ಇದು ಸರಿ ಅನ್ನಿಸಲಿಲ್ಲ. ಮಾಯವಾದವರ ಮೇಲಿನ ಸಿಟ್ಟಿಗಿಂತ, ನಂಬಿ ಕೆಲಸ ಕೊಟ್ಟವರಿಂದ ಅದನ್ನು ವಸೂಲಿ ಮಾಡುತ್ತಿದ್ದೇನಲ್ಲ ಅನ್ನುವುದು ಜಾಸ್ತಿ ಚುಚ್ಚುತ್ತಿತ್ತು.

ದುಡ್ಡು ಕೇಳಬೇಕು ಅಂತ ತೀರ್ಮಾನ ಮಾಡುವುದು ಸುಲಭ. ಮಲೆನಾಡಿನಲ್ಲಿ ಕೇಳುವುದು ಕಷ್ಟ. ಮನೆ ಅಂಗಳಕ್ಕೆ ಗಾಡಿ ಹೋದ ಕೂಡಲೇ "ಆಸ್ರಿಗೆ ಏನ್ ಬೇಕು?" ಅಂತ ಶುರು. ಬೆಲ್ಲ ನೀರು, ಮಜ್ಜಿಗೆ, ಕಾಫಿ. ಮಧ್ಯಾಹ್ನ ಆಯಿತೋ, ಎಲೆ ಹಾಕಿಬಿಡುತ್ತಾರೆ. "ಊಟದ ಹೊತ್ತಲ್ಲಿ ಹಾಗೇ ಹೋಗೋದುಂಟಾ?" ಅಪ್ಪೆಮಿಡಿ ಉಪ್ಪಿನಕಾಯಿ, ತಂಬುಳಿ, ಹಲಸಿನ ಹಪ್ಪಳ. ಜೊತೆಗೆ ಬಂದ ಹುಡುಗ ಎರಡನೇ ಸಲ ಅನ್ನ ಹಾಕಿಸಿಕೊಂಡಿರುತ್ತಾನೆ. ಇಷ್ಟೆಲ್ಲ ಉಂಡು ಕೈತೊಳೆದ ಮೇಲೆ ಅಜ್ಜಿಯ ಮುಂದೆ ನಿಂತು "ವಿಸಿಟಿಂಗ್ ಚಾರ್ಜ್ ಕೊಡಿ" ಅನ್ನಲು ಯಾರಿಗೆ ನಾಲಿಗೆ ಬರುತ್ತದೆ ಹೇಳಿ? ಅದಕ್ಕೇ ನಾನು ಈಗ ಹೊರಡುವ ಮೊದಲೇ, ಫೋನಿನಲ್ಲೇ ಆ ಮಾತು ಮುಗಿಸಿಬಿಡುತ್ತೇನೆ.

ಕ್ರಮ ಹೀಗಿದೆ. ಮೊದಲು ನಾಲ್ಕು ಕಡೆಯಿಂದ ಫೋಟೋ, ಸಾಧ್ಯವಾದರೆ ಒಂದು ವಿಡಿಯೋ ಕಳಿಸಲು ಹೇಳುತ್ತೇನೆ. ಅದನ್ನು ನೋಡಿ ಇಷ್ಟರಿಂದ ಇಷ್ಟರೊಳಗೆ ಬರುತ್ತದೆ ಅಂತ ಎರಡು ಸಂಖ್ಯೆ ಹೇಳುತ್ತೇನೆ, ನಡುವೆ ಅಂತರ ದೊಡ್ಡದೇ ಇರುತ್ತದೆ. ಅದಕ್ಕೆ ದುಡ್ಡಿಲ್ಲ. ಬಹಳ ಜನಕ್ಕೆ ಅಷ್ಟೇ ಬೇಕಾಗಿರುತ್ತದೆ, ಕೇಳಿ "ಅಯ್ಯೋ ಅಷ್ಟೆಲ್ಲ ಆಗುತ್ತಾ" ಅಂತ ಫೋನ್ ಇಡುತ್ತಾರೆ. ಒಳ್ಳೆಯದೇ ಆಯಿತು, ಇಬ್ಬರಿಗೂ ಖರ್ಚಿಲ್ಲ. ಮುಂದೆ ಹೋಗಬೇಕು ಅಂದರೆ ಅಳತೆ ಖರ್ಚು ಕಳಿಸಬೇಕು. ಪೇಟೆಯೊಳಗೆ 500, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಗೆ 1,500. ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಅಷ್ಟೂ ಕಳೆಯುತ್ತೇನೆ. ಕೊಡದಿದ್ದರೂ ನಕ್ಷೆ ನಿಮ್ಮದೇ, ಪೈಪಿನ ದಪ್ಪ, ತೂಕ, ಶೀಟಿನ ದಪ್ಪ ಎಲ್ಲ ಬರೆದು ಕೊಡುತ್ತೇನೆ. ಯಾರಿಗೆ ಬೇಕಾದರೂ ತೋರಿಸಿ, ಆದರೆ ಅವರ ಹತ್ತಿರವೂ ಅದೇ ದಪ್ಪ ಬರೆಸಿಕೊಳ್ಳಿ ಅನ್ನುತ್ತೇನೆ.

ಮೊದಮೊದಲು ಕೆಲವರಿಗೆ ಇದು ಅವಮಾನದ ಹಾಗೆ ಕೇಳಿಸಿತು. "ಬಂದು ನೋಡೋಕೂ ದುಡ್ಡಾ? ಡಾಕ್ಟರಾ ನೀವು?" ಅಂತ ಒಬ್ಬರು ಕೇಳಿದರು. ಡಾಕ್ಟರ್ ನಿಮ್ಮ ಮನೆಗೆ ಬರುವುದಿಲ್ಲವಲ್ಲ ಸ್ವಾಮಿ, ಅಂದೆ. ಫೋನ್ ಕಟ್ಟಾಯಿತು. ಕರೆಗಳು ಕಡಿಮೆಯಾಗಲಿಲ್ಲ, ಹೋಗುವ ಮನೆಗಳು ಕಡಿಮೆಯಾದವು.

ನಾನು ಎಣಿಸಿರದ ಒಂದು ಸಂಗತಿ ಆಮೇಲೆ ಕಾಣಿಸಿತು. ದುಡ್ಡು ಕೊಟ್ಟವರು ಬೇಡ ಅಂತ ಬಾಯಿಬಿಟ್ಟು ಹೇಳುತ್ತಾರೆ. ಹೋದ ಬೇಸಿಗೆಯಲ್ಲಿ ಹೊಸನಗರದ ಕಡೆ ಒಬ್ಬ ಅಮ್ಮ 1,500 ಕಳಿಸಿ, ಅಳತೆ ಮಾಡಿಸಿ, ಊಟವನ್ನೂ ಹಾಕಿದರು. ಮಾರನೇ ದಿನ ಅವರೇ ಫೋನ್ ಮಾಡಿದರು. "ಲೆಕ್ಕ ನೋಡಿದೆ ಕಣಪ್ಪ. ಈ ವರ್ಷ ಆಗಲ್ಲ. ಮಗಳ ಹೆರಿಗೆ ಇದೆ. ಕಾಗದ ತೆಗೆದಿಟ್ಟಿದೀನಿ." ಎರಡು ನಿಮಿಷದ ಮಾತು. ಅವರಿಗೂ ಸಂಕೋಚ ಇರಲಿಲ್ಲ, ನನಗೂ ಬೇಜಾರಾಗಲಿಲ್ಲ. ಆ ವಾರ ಬೇರೆ ಕೆಲಸ ಹಿಡಿದೆ. ಹಿಂದೆಲ್ಲ ಫೋನ್ ಎತ್ತದೆ ತಪ್ಪಿಸಿಕೊಳ್ಳುತ್ತಿದ್ದವರು ಯಾಕೆ ಹಾಗೆ ಮಾಡುತ್ತಿದ್ದರು ಅನ್ನುವುದು ಆಗ ಸ್ವಲ್ಪ ಅರ್ಥವಾಯಿತು. ಅಷ್ಟು ದೂರದಿಂದ ಬಂದು, ಬಿಸಿಲಲ್ಲಿ ಹತ್ತಿ ಇಳಿದು, ರಾತ್ರಿ ಕೂತು ಲೆಕ್ಕ ಹಾಕಿ ಕಳಿಸಿದವನಿಗೆ ಬೇಡ ಅಂತ ಹೇಳುವುದು ಹೇಗೆ? ಋಣ ಇದೆ ಅಂತ ಅನ್ನಿಸುತ್ತದೆ. ಋಣ ಇದ್ದವರ ಮುಖ ನೋಡಲು ಯಾರಿಗೂ ಮನಸ್ಸಾಗುವುದಿಲ್ಲ. ಪೇಟೆಯಲ್ಲಿ ಕಂಡರೂ ರಸ್ತೆ ದಾಟಿ ಆ ಕಡೆ ಹೋಗುತ್ತಾರೆ. ಅಳತೆಯ ದುಡ್ಡು ಕೊಟ್ಟರೆ ಲೆಕ್ಕ ಚುಕ್ತಾ, ಎದುರು ಸಿಕ್ಕಿದರೆ ನಿಂತು ಮಾತಾಡಬಹುದು.

ಕೋಣಂದೂರಿನ ಗೌಡರು ಮಾತ್ರ ಇನ್ನೂ ಒಪ್ಪಿಲ್ಲ. ಕೊಟ್ಟಿಗೆಗೆ ಶೀಟ್ ಹಾಕಿಸಬೇಕು ಅಂತ ಮೊನ್ನೆ ಫೋನ್ ಮಾಡಿದ್ದರು. ಅಳತೆ ಖರ್ಚು ಅಂದೆ. "ಚೇಣಿಯವ್ನಿಗೆ ಕೊಡದೇ ಇರೋದನ್ನ ನಿಂಗ್ಯಾಕೆ ಕೊಡ್ಲಿ" ಅಂತ ಮತ್ತೆ ಅದೇ ರಾಗ. ಮಂಡಗದ್ದೆ ದಾರಿಯಲ್ಲಿ ಹೊಳೆದ ಉತ್ತರವನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕಾಗದ ಬೇಡ, ಬಾಯಲ್ಲೇ ಹೇಳಿ ಹೋಗು" ಅಂದರು. ಅಂಥವರನ್ನು ಏನು ಮಾಡುತ್ತೀರಿ! ತೀರ್ಥಹಳ್ಳಿಗೆ ಬೇರೆ ಕೆಲಸಕ್ಕೆ ಬಂದಾಗ ಹಾಗೇ ಬಂದು ನೋಡುತ್ತೇನೆ ಅಂದಿದ್ದೇನೆ.

ಲೆಕ್ಕ ಬರೆಯುವ ಹೆಂಡತಿಗೆ ಇದು ಸುತರಾಂ ಇಷ್ಟವಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಅನ್ನುತ್ತಾಳೆ. ಅದಕ್ಕಿಂತ ಮೊದಲು 1,500 ಸಾಲುವುದೇ ಇಲ್ಲ, ಡೀಸೆಲ್ಲು, ಹುಡುಗನ ಕೂಲಿ ಕಳೆದರೆ ನಿಮ್ಮ ತಲೆಗೆ ಏನು ಉಳಿಯಿತು ತೋರಿಸಿ ಅಂತ ಪುಸ್ತಕ ಮುಂದಿಟ್ಟಿದ್ದಾಳೆ. ಈ ಶಿವರಾತ್ರಿಯಿಂದ 2,000 ಮಾಡಬೇಕಂತೆ. ನಾನು 1,800 ಅನ್ನುತ್ತಿದ್ದೇನೆ. ಚೌಕಾಸಿ ನಡೆಯುತ್ತಿದೆ.